ಹತ್ತು ಮೀಟರುಗಳ ಮೌಲ್ಯ

ಮನುಷ್ಯನ ಶಕ್ತಿಸಾಮರ್ಥ್ಯಗಳನ್ನು ಅಳೆಯಲು ಲೋಕವು ಎರಡು ಬಗೆಯ ಅಳತೆಗೋಲುಗಳನ್ನು ಬಳಸುತ್ತ ಬಂದಿದೆ. ಅವನನ್ನು ಇತರರ ಸಾಲಿನಲ್ಲಿ ನಿಲ್ಲಿಸಿ, ಯಾರು ಮುಂದು, ಯಾರು ಹಿಂದು ಎಂದು ನೋಡುವುದು ಒಂದು ಬಗೆ. ಎಲ್ಲರಿಗೂ ಸಮಾನವಾದ, ಯಾರ ದಾಕ್ಷಿಣ್ಯಕ್ಕೂ ಒಳಗಾಗದ ಒಂದು ಪ್ರಮಾಣದೆದುರು ಅವನೊಬ್ಬನನ್ನೇ ನಿಲ್ಲಿಸಿ, ಅವನು ಎಷ್ಟು ಮಾಡಬಲ್ಲನೆಂದು ನೋಡುವುದು ಇನ್ನೊಂದು ಬಗೆ. ವಿದ್ಯಾಕ್ಷೇತ್ರದಲ್ಲಿರುವ ನಾವು ಮೊದಲನೆಯದನ್ನು ಚೆನ್ನಾಗಿ ಬಲ್ಲೆವು. ನಮ್ಮ ಬಹುಮಾನಗಳೂ ಪ್ರಶಸ್ತಿಪತ್ರಗಳೂ ಅದರ ಮೇಲೆಯೇ ನಿಂತಿವೆ. ಎರಡನೆಯದರ ಬೆಲೆಯನ್ನು ಕುರಿತು ನಾವು ಅಷ್ಟಾಗಿ ಯೋಚಿಸಿಲ್ಲ. ಆ ಎರಡನೆಯ ಅಳತೆಗೆ ತಮ್ಮ ಯೌವನವನ್ನೆಲ್ಲ ಒಪ್ಪಿಸಿದ ಒಬ್ಬ ಆಂಗ್ಲ ಸೈಕಲ್ ಪಟುವಿನ ಬದುಕನ್ನು ಶಿಕ್ಷಕರ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದಿಟ್ಟು, ಅದರಿಂದ ಹೊರಡುವ ಒಂದು ಅಭಿಪ್ರಾಯವನ್ನು ನಿವೇದಿಸುವುದು ಈ ಲೇಖನದ ಉದ್ದೇಶ. ಆ ಪಟುವಿನ ಹೆಸರು ಕ್ರಿಸ್ ಬೋರ್ಡ್‌ಮನ್.

ಸೈಕಲ್ ಸ್ಪರ್ಧೆ ಎಂದೊಡನೆ ನೂರಾರು ಸವಾರರು ಗುಂಪಾಗಿ ಧಾವಿಸುವ ದೃಶ್ಯವು ಕಣ್ಣಮುಂದೆ ನಿಲ್ಲುತ್ತದೆ. ಆ ಗುಂಪಿನಲ್ಲಿ ಶಕ್ತಿಯಷ್ಟೇ ಉಪಾಯಕ್ಕೂ ಅವಕಾಶವುಂಟು. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋಗುವವನಿಗೆ ಗಾಳಿಯ ತಡೆ ಬಹಳ ಕಡಮೆ. ಅವನ ಶ್ರಮದಲ್ಲಿ ಸುಮಾರು ಮೂರನೆಯ ಒಂದು ಭಾಗವೇ ಉಳಿಯುತ್ತದೆ. ಟೈಮ್ ಟ್ರಯಲ್ ಎಂಬ ಕಾಲಸ್ಪರ್ಧೆಯಲ್ಲಿ ಈ ಆಸರೆಗೆ ಎಡೆಯಿಲ್ಲ. ಸವಾರರು ಒಬ್ಬೊಬ್ಬರಾಗಿ, ನಿಯಮಿತ ಅಂತರದಲ್ಲಿ ಹೊರಡುತ್ತಾರೆ. ಒಬ್ಬರ ಬೆನ್ನ ಮರೆಯಲ್ಲಿ ಇನ್ನೊಬ್ಬರು ಸಾಗುವಂತಿಲ್ಲ. ನಿಗದಿತ ದೂರವನ್ನು ಯಾರು ಅತ್ಯಲ್ಪ ಕಾಲದಲ್ಲಿ ಕ್ರಮಿಸಿದರೋ ಅವರು ಗೆದ್ದಂತೆ. ಫ್ರೆಂಚರು ಇದನ್ನು ಗಡಿಯಾರದ ವಿರುದ್ಧದ ಓಟವೆಂದೂ ಸತ್ಯದ ಓಟವೆಂದೂ ಕರೆಯುತ್ತಾರೆ. ಗಾಳಿಯೊಡನೆ ಸೆಣಸುವುದಕ್ಕೆ ಬೇಕಾದ ಸಾಮರ್ಥ್ಯವು ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ ಎಂಬುದನ್ನು ಭೌತಶಾಸ್ತ್ರದ ಶಿಕ್ಷಕರು ಬಲ್ಲರು. ವೇಗ ಇಮ್ಮಡಿಯಾಗಬೇಕಾದರೆ ಸಾಮರ್ಥ್ಯವು ಎಂಟು ಮಡಿಯಾಗಬೇಕು. ಗಂಟೆಗೆ 50 ಕಿಲೋಮೀಟರಿನ ಮೇಲೆ ಇನ್ನೊಂದು ಕಿಲೋಮೀಟರನ್ನು ಗಳಿಸುವುದು ಎಷ್ಟು ದುಬಾರಿಯ ಕೆಲಸವೆಂಬುದು ಇದರಿಂದ ಊಹ್ಯವಾಗುತ್ತದೆ.

ಇಂಗ್ಲೆಂಡಿನಲ್ಲಿ ಈ ಕ್ರೀಡೆಗೆ ವಿಶೇಷವಾದ ಇತಿಹಾಸವಿದೆ. 19ನೆಯ ಶತಮಾನದ ಕೊನೆಯ ದಶಕದಲ್ಲಿ ಸಾರ್ವಜನಿಕ ರಸ್ತೆಗಳ ಮೇಲೆ ಗುಂಪಾಗಿ ಸ್ಪರ್ಧಿಸುವುದಕ್ಕೆ ಪೊಲೀಸರ ವಿರೋಧವಿದ್ದುದರಿಂದ, ಅಲ್ಲಿಯ ಸೈಕಲ್ ಸಂಘಗಳು ನಸುಕಿನಲ್ಲಿ, ಕಪ್ಪು ಉಡುಪು ತೊಟ್ಟು, ಒಂದೊಂದು ನಿಮಿಷದ ಅಂತರದಲ್ಲಿ ಒಬ್ಬೊಬ್ಬರನ್ನೇ ಓಡಿಸುವ ಪದ್ಧತಿಯನ್ನು ರೂಢಿಗೆ ತಂದವು. ಹೀಗೆ ನಿರ್ಬಂಧದಿಂದ ಹುಟ್ಟಿದ ಪದ್ಧತಿಯೇ ಮುಂದೆ ಆ ನಾಡಿನ ಸೈಕಲ್ ಸಂಸ್ಕೃತಿಯಾಯಿತು. 1968ರಲ್ಲಿ ಜನಿಸಿ, ಇಂಗ್ಲೆಂಡಿನ ವಾಯವ್ಯ ಕರಾವಳಿಯ ವಿರಲ್ ಪ್ರದೇಶದಲ್ಲಿ ಬೆಳೆದ ಬೋರ್ಡ್‌ಮನ್ ಅವರು ಇದೇ ಸಂಸ್ಕೃತಿಯ ಕೂಸು. ವೃತ್ತಿಯಿಂದ ಅವರು ಬಡಗಿ. ಪೀಟರ್ ಕೀನ್ ಎಂಬ ಕ್ರೀಡಾವಿಜ್ಞಾನಿಯ ಮಾರ್ಗದರ್ಶನ ದೊರೆತ ಮೇಲೆ ಅವರ ಅಭ್ಯಾಸದ ರೀತಿಯೇ ಬದಲಾಯಿತು. ಎಷ್ಟು ಹೆಚ್ಚು ಮೈಲಿ ತುಳಿದರೆ ಅಷ್ಟು ಒಳಿತು ಎಂಬ ಹಳೆಯ ನಂಬಿಕೆಯನ್ನು ಬದಿಗಿಟ್ಟು, ಪ್ರತಿಯೊಂದು ದಿನದ ಶ್ರಮವನ್ನೂ ಅಳೆದು, ಬರೆದಿಟ್ಟು, ಪರಿಶೀಲಿಸಿ ಮುಂದುವರಿಯುವ ಮಾರ್ಗವನ್ನು ಗುರುಶಿಷ್ಯರಿಬ್ಬರೂ ಹಿಡಿದರು.

1992ರ ಬಾರ್ಸಿಲೋನಾ ಒಲಿಂಪಿಕ್ ಕ್ರೀಡಾಕೂಟದಲ್ಲಿ ಈ ಸಾಧನೆಯ ಫಲ ಲೋಕಕ್ಕೆ ಕಂಡಿತು. ಪರ್ಸೂಟ್ ಎಂಬುದು 4,000 ಮೀಟರುಗಳ ಬೆನ್ನಟ್ಟುವ ಸ್ಪರ್ಧೆ. ಅದರಲ್ಲಿ ಇಬ್ಬರು ಓಟಕಣದ ಎರಡು ಎದುರುಬದಿಗಳಿಂದ ಒಮ್ಮೆಗೇ ಹೊರಡುತ್ತಾರೆ. ಅಂತಿಮ ಸುತ್ತಿನಲ್ಲಿ ಬೋರ್ಡ್‌ಮನ್ ಅವರು ಜರ್ಮನಿಯ ಯೆನ್ಸ್ ಲೇಮನ್‌ರನ್ನು ದೂರ ಮುಗಿಯುವುದರೊಳಗೆ ಹಿಡಿದೇಬಿಟ್ಟರು. 1920ರ ತರುವಾಯ ಒಲಿಂಪಿಕ್ ಸೈಕಲ್ ಕ್ರೀಡೆಯಲ್ಲಿ ಬ್ರಿಟನ್ನಿಗೆ ದೊರೆತ ಪ್ರಥಮ ಸ್ವರ್ಣಪದಕ ಅದು. ಆದರೆ ಮರುದಿನದ ಮಾತೆಲ್ಲ ಸವಾರನಿಗಿಂತ ಹೆಚ್ಚಾಗಿ ಸೈಕಲ್ಲಿನ ಬಗೆಗೇ ಆಗಿತ್ತು. ಮೈಕ್ ಬರೋಸ್ ಎಂಬ ವಿನ್ಯಾಸಕಾರರ ಕಲ್ಪನೆಯನ್ನು ಆಧರಿಸಿ ಲೋಟಸ್ ಎಂಬ ಮೋಟಾರು ಕಂಪನಿಯು ಕಾರ್ಬನ್ ನಾರಿನಿಂದ ನಿರ್ಮಿಸಿದ ಆ ವಾಹನವು ಕೊಳವೆಗಳ ಚೌಕಟ್ಟಿಲ್ಲದೆ, ಒಂದೇ ಅಖಂಡ ರೆಕ್ಕೆಯಂತೆ ಕಾಣುತ್ತಿತ್ತು. ಗೆದ್ದುದು ಬಡಗಿಯೋ ಅವನ ಉಳಿಯೋ ಎಂಬ ಪ್ರಶ್ನೆಯು ಅಂದಿನಿಂದ ಬೋರ್ಡ್‌ಮನ್ ಅವರನ್ನು ನೆರಳಿನಂತೆ ಹಿಂಬಾಲಿಸಿತು.

ಮರುವರ್ಷ ಒಂದು ಗಂಟೆಯ ದಾಖಲೆಗಾಗಿ ನಡೆದ ಪೈಪೋಟಿಯು ಈ ಪ್ರಶ್ನೆಯನ್ನು ಇನ್ನಷ್ಟು ತೀಕ್ಷ್ಣಗೊಳಿಸಿತು. ಓಟಕಣದಲ್ಲಿ ಒಬ್ಬನೇ ಸವಾರನು ಒಂದು ಗಂಟೆಯಲ್ಲಿ ಎಷ್ಟು ದೂರ ಕ್ರಮಿಸಬಲ್ಲನೆಂಬುದೇ ಈ ದಾಖಲೆ. ಇದಕ್ಕಿಂತ ಸರಳವಾದ, ಇದಕ್ಕಿಂತ ನಿಷ್ಠುರವಾದ ಪರೀಕ್ಷೆ ಸೈಕಲ್ ಲೋಕದಲ್ಲಿ ಬೇರೊಂದಿಲ್ಲ. 1993ರ ಜುಲೈ 17ರಂದು ಸ್ಕಾಟ್ಲೆಂಡಿನ ಗ್ರೇಮ್ ಓಬ್ರೀ ಅವರು ನಾರ್ವೆಯ ಹಾಮಾರ್‌ನಲ್ಲಿ 51.596 ಕಿಲೋಮೀಟರು ಕ್ರಮಿಸಿ, ಇಟಲಿಯ ಫ್ರಾಂಚೆಸ್ಕೊ ಮೋಸರ್ 1984ರಲ್ಲಿ ಸ್ಥಾಪಿಸಿದ್ದ ದಾಖಲೆಯನ್ನು ಮುರಿದರು. ಹಿಂದಿನ ದಿನ ಯತ್ನಿಸಿ ಸೋತಿದ್ದ ಮನುಷ್ಯ ಮರುದಿನ ಬೆಳಗ್ಗೆ ಎದ್ದು ಬಂದು ಮತ್ತೆ ತುಳಿದುದು ಒಂದು ಸೋಜಿಗವಾದರೆ, ಬಟ್ಟೆ ಒಗೆಯುವ ಯಂತ್ರದ ಬೇರಿಂಗುಗಳನ್ನು ಸೇರಿಸಿ ಸ್ವಹಸ್ತದಿಂದ ಕಟ್ಟಿದ ಸೈಕಲ್ಲಿನ ಮೇಲೆ ತುಳಿದುದು ಇನ್ನೊಂದು ಸೋಜಿಗ. ಆರೇ ದಿನಗಳಲ್ಲಿ, ಜುಲೈ 23ರಂದು, ಬೋರ್ಡ್‌ಮನ್ ಅವರು ಫ್ರಾನ್ಸಿನ ಬೋರ್ಡೋದಲ್ಲಿ 52.270 ಕಿಲೋಮೀಟರು ಕ್ರಮಿಸಿ ಆ ದಾಖಲೆಯನ್ನು ತಮ್ಮದಾಗಿಸಿಕೊಂಡರು. ಅದೇ ದಿನ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯು ಆ ನಗರವನ್ನು ತಲಪಿದ್ದರಿಂದ ಯೂರೋಪಿನ ಸೈಕಲ್ ಲೋಕವೆಲ್ಲ ಅಲ್ಲಿ ನೆರೆದಿತ್ತು. ಗಾನ್ ಎಂಬ ಫ್ರೆಂಚ್ ತಂಡವು ಅವರನ್ನು ವೃತ್ತಿಪರ ಸವಾರನನ್ನಾಗಿ ಸೇರಿಸಿಕೊಂಡಿತು.

ವೃತ್ತಿಜೀವನದ ಮೇಲ್ಮೆಯೂ ಮಿತಿಯೂ 1994ರ ಜುಲೈ ತಿಂಗಳೊಂದರಲ್ಲೇ ವ್ಯಕ್ತವಾದವು. ಲೀಲ್ ನಗರದಲ್ಲಿ ನಡೆದ ಟೂರ್ ಡಿ ಫ್ರಾನ್ಸ್‌ನ ಪೀಠಿಕಾ ಕಾಲಸ್ಪರ್ಧೆಯಲ್ಲಿ, 7.2 ಕಿಲೋಮೀಟರುಗಳ ಮಾರ್ಗವನ್ನು ಗಂಟೆಗೆ 55.152 ಕಿಲೋಮೀಟರಿನ ಸರಾಸರಿ ವೇಗದಲ್ಲಿ ಮುಗಿಸಿ, ಅಂದಿನ ಸಾಮ್ರಾಟ ಸ್ಪೇನಿನ ಮಿಗೆಲ್ ಇಂದುರೈನ್‌ರನ್ನು 15 ಸೆಕೆಂಡುಗಳಿಂದ ಅವರು ಹಿಂದಿಕ್ಕಿದರು. 1962ರಲ್ಲಿ ಟಾಮ್ ಸಿಂಪ್ಸನ್ ತೊಟ್ಟಿದ್ದ ಹಳದಿ ಅಂಗಿಯು ಅನಂತರ ಬ್ರಿಟನ್ನಿನವರಿಗೆ ದೊರೆತದ್ದು ಆಗಲೇ. ಆದರೆ ಮೂರನೆಯ ಹಂತದ ತಂಡಸ್ಪರ್ಧೆಯಲ್ಲಿ, ಮೆರವಣಿಗೆಯು ಇಂಗ್ಲೆಂಡಿನ ನೆಲವನ್ನು ಮುಟ್ಟುವ ಮುನ್ನಾದಿನವೇ, ಆ ಅಂಗಿಯು ಬೆಲ್ಜಿಯಮ್ಮಿನ ಯೋಹಾನ್ ಮ್ಯೂಸೀವ್‌ರ ಪಾಲಾಯಿತು. ಅದೇ ವರ್ಷ ಸಿಸಿಲಿ ದ್ವೀಪದಲ್ಲಿ ಪ್ರಪ್ರಥಮವಾಗಿ ಏರ್ಪಟ್ಟ ಪುರುಷರ ಕಾಲಸ್ಪರ್ಧೆಯ ವಿಶ್ವಪದವಿಯನ್ನು ಬೋರ್ಡ್‌ಮನ್ ಗೆದ್ದರು. 1995ರಲ್ಲಿ ಸಾಂ-ಬ್ರಿಯೂ ನಗರದಲ್ಲಿ, ಮಳೆಯಲ್ಲಿ ತೊಯ್ದ ಇಳಿಜಾರಿನ ಮೇಲೆ ಜಾರಿಬಿದ್ದು ಕಾಲ ಹರಡನ್ನೂ ಮಣಿಕಟ್ಟನ್ನೂ ಮುರಿದುಕೊಂಡರು. 1996ರ ಅಟ್ಲಾಂಟಾ ಒಲಿಂಪಿಕ್ಕಿನ ಕಾಲಸ್ಪರ್ಧೆಯಲ್ಲಿ ಕಂಚು, ಅದೇ ಬೇಸಗೆಯಲ್ಲಿ ಪರ್ಸೂಟ್ ವಿಶ್ವಪದವಿ, ಸೆಪ್ಟೆಂಬರ್ 6ರಂದು ಮ್ಯಾಂಚೆಸ್ಟರಿನಲ್ಲಿ ಒಂದು ಗಂಟೆಗೆ 56.375 ಕಿಲೋಮೀಟರು. 1997 ಮತ್ತು 1998ರಲ್ಲಿ ಟೂರ್‌ನ ಪೀಠಿಕಾ ಸ್ಪರ್ಧೆ ಮತ್ತೆ ಅವರದಾಯಿತು.

ಆದರೂ ಟೂರ್ ಡಿ ಫ್ರಾನ್ಸ್‌ನ ಒಟ್ಟು ಫಲಿತಾಂಶದಲ್ಲಿ ಅವರು ತಲಪಿದ ಅತ್ಯುತ್ತಮ ಸ್ಥಾನವು 1996ರ 39ನೆಯದು ಮಾತ್ರ. ಮೂರು ವಾರಗಳ ಕಾಲ ಪರ್ವತಗಳನ್ನು ಏರುವ ಕಸುವು ಅವರ ದೇಹಕ್ಕಿರಲಿಲ್ಲ. ಕೆಲವೇ ನಿಮಿಷಗಳ ಶೂರನೆಂದು ಅವರನ್ನು ಅಳೆದವರುಂಟು. ಈ ತೀರ್ಪನ್ನು ನಾನು ಒಪ್ಪಲಾರೆ. ಎಲ್ಲವನ್ನೂ ಅಲ್ಪಸ್ವಲ್ಪ ಬಲ್ಲವನಿಗೆ ಸರ್ವಾಂಗೀಣನೆಂಬ ಬಿರುದನ್ನೂ, ಒಂದನ್ನು ಪೂರ್ಣವಾಗಿ ಬಲ್ಲವನಿಗೆ ಏಕಾಂಗಿಯೆಂಬ ಕೊರತೆಯನ್ನೂ ಹಂಚುವುದು ನಮ್ಮಲ್ಲಿಯೂ ಇರುವ ಒಂದು ಅಭ್ಯಾಸ. ಗಣಿತವೊಂದರಲ್ಲೇ ಬೆಳಗುವ ಹುಡುಗನನ್ನು, ಚಿತ್ರವೊಂದನ್ನೇ ಧ್ಯಾನಿಸುವ ಹುಡುಗಿಯನ್ನು ನಾವು ಎಷ್ಟೋ ಸಲ ಒಟ್ಟು ಅಂಕಗಳ ತಕ್ಕಡಿಯಲ್ಲಿ ಹಗುರವಾಗಿಸಿದ್ದೇವೆ. ತನ್ನ ಮಿತಿ ಯಾವುದೆಂದು ನಿರ್ಭಯವಾಗಿ ಅರಿತು, ಆ ಮಿತಿಯೊಳಗೆ ಪರಿಪೂರ್ಣತೆಗೆ ಹತ್ತಿರವಾಗುವುದು ಕಿರಿದಾದ ಸಾಧನೆಯೆಂದು ನನಗೆ ತೋರುವುದಿಲ್ಲ.

ಕಾಲಸ್ಪರ್ಧೆಯ ಮರ್ಮವನ್ನು ಬೋರ್ಡ್‌ಮನ್ ಅವರು ಮೂರು ಪ್ರಶ್ನೆಗಳಾಗಿ ವಿವರಿಸುವುದುಂಟು. ಇನ್ನೆಷ್ಟು ದೂರ ಉಳಿದಿದೆ? ಈಗ ನಾನು ಎಷ್ಟು ಬಲವನ್ನು ವ್ಯಯಿಸುತ್ತಿದ್ದೇನೆ? ಕೊನೆಯವರೆಗೆ ಈ ಗತಿಯನ್ನು ಉಳಿಸಿಕೊಳ್ಳಬಲ್ಲೆನೆ? ಮೂರನೆಯದಕ್ಕೆ ಹೌದೆಂಬ ಉತ್ತರ ಬಂದರೆ ಸವಾರನು ಸಾಕಷ್ಟು ಶ್ರಮಿಸುತ್ತಿಲ್ಲ. ಇಲ್ಲವೆಂಬ ಉತ್ತರ ಬಂದರೆ ಕಾಲ ಮಿಂಚಿಹೋಗಿದೆ. ಬಹುಶಃ ಎಂಬುದೇ ಸರಿಯಾದ ಉತ್ತರ. ಸ್ಪರ್ಧೆಯುದ್ದಕ್ಕೂ ಈ ಅನಿಶ್ಚಿತವಾದ ಅಂಚಿನ ಮೇಲೆ ನಿಂತಿರುವುದೇ ಆ ಕಲೆ. ಬೋಧನೆಯ ವಿಷಯದಲ್ಲಿಯೂ ಇದಕ್ಕಿಂತ ಉಪಯುಕ್ತವಾದ ಮಾತನ್ನು ನಾನು ಹೆಚ್ಚಾಗಿ ಕೇಳಿಲ್ಲ. ವಿದ್ಯಾರ್ಥಿಗೆ ಖಂಡಿತ ಸಾಧ್ಯವೆಂದು ಗೊತ್ತಿರುವುದನ್ನೇ ಕೊಡುತ್ತಿದ್ದರೆ ಅವನು ಬೆಳೆಯಲಾರ. ಖಂಡಿತ ಅಸಾಧ್ಯವಾದುದನ್ನು ಹೇರಿದರೆ ಕುಸಿಯುತ್ತಾನೆ. ಅವನನ್ನು ಬಹುಶಃ ಎಂಬ ಹೊಸ್ತಿಲ ಮೇಲೆ ನಿಲ್ಲಿಸಿ ಕಾಯುವುದು ಶಿಕ್ಷಕನ ಕೌಶಲ. ಆ ಹೊಸ್ತಿಲು ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುವುದರಿಂದ ಪಕ್ಕದವನ ಅಂಕವು ಅದನ್ನು ತೋರಿಸಿಕೊಡಲಾರದು.

ಇನ್ನು ಪ್ರಾಮಾಣಿಕತೆಯ ಮಾತು. 1998ರ ಟೂರ್ ಡಿ ಫ್ರಾನ್ಸ್ ಡಬ್ಲಿನ್ ನಗರದಲ್ಲಿ ಆರಂಭವಾಯಿತು. ಅದಕ್ಕೆ ಕೆಲವೇ ದಿನಗಳ ಹಿಂದೆ ಫೆಸ್ಟಿನಾ ತಂಡದ ವಾಹನವೊಂದರಲ್ಲಿ ನಿಷಿದ್ಧ ಔಷಧಗಳ ರಾಶಿಯು ಸಿಕ್ಕಿಬಿದ್ದಿತ್ತು. ಆ ಕ್ರೀಡೆಯ ಒಳಗಿನ ಕೊಳೆತವೆಲ್ಲ ಮುಂದಿನ ವಾರಗಳಲ್ಲಿ ಹೊರಬಿತ್ತು. ಪೀಠಿಕಾ ಸ್ಪರ್ಧೆಯನ್ನು ಗೆದ್ದ ಬೋರ್ಡ್‌ಮನ್ ಅವರು ಎರಡನೆಯ ಹಂತದಲ್ಲಿ, ಹಳದಿ ಅಂಗಿ ಮೈಮೇಲಿದ್ದಾಗಲೇ, ಬಿದ್ದು ಗಾಯಗೊಂಡು ಸ್ಪರ್ಧೆಯಿಂದ ಹೊರನಡೆಯಬೇಕಾಯಿತು. ಅದೇ ಕಾಲಕ್ಕೆ, ಮೂವತ್ತರ ಹರೆಯದಲ್ಲಿಯೇ, ಅವರ ಮೂಳೆಗಳು ಮುದುಕರ ಮೂಳೆಗಳಂತೆ ಸಾಂದ್ರತೆ ಕಳೆದುಕೊಳ್ಳುತ್ತಿವೆ ಎಂದು ವೈದ್ಯರು ಕಂಡುಕೊಂಡರು. ದೇಹದಲ್ಲಿ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನಿನ ಕೊರತೆಯಿತ್ತು. ಅದನ್ನೇ ಹೊರಗಿನಿಂದ ಕೊಡುವುದು ಚಿಕಿತ್ಸೆಯಾಗಿತ್ತು. ಆದರೆ ಆ ವಸ್ತುವು ಕ್ರೀಡಾಪಟುಗಳಿಗೆ ನಿಷಿದ್ಧವಾದವುಗಳ ಪಟ್ಟಿಯಲ್ಲಿತ್ತು. ಇದ್ದ ದಾರಿಗಳು ಎರಡೇ: ಚಿಕಿತ್ಸೆ ಪಡೆದು ಕ್ರೀಡೆ ಬಿಡುವುದು, ಇಲ್ಲವೆ ಕ್ರೀಡೆಯಲ್ಲಿದ್ದಷ್ಟು ಕಾಲ ಚಿಕಿತ್ಸೆಯನ್ನು ಮುಂದೂಡುವುದು. ಅವರು ಎರಡು ವರ್ಷ ಮುಂದೂಡಿದರು. ಆಮೇಲೆ ಕ್ರೀಡೆಯನ್ನು ಬಿಟ್ಟರು. ಆರೋಗ್ಯವನ್ನು ಪಣಕ್ಕಿಟ್ಟ ಈ ನಿರ್ಧಾರವನ್ನು ಯಾರಿಗೂ ಮಾದರಿಯಾಗಿ ತೋರಿಸಲು ನಾನು ಇಚ್ಛಿಸುವುದಿಲ್ಲ. ಆದರೆ ಗೆಲುವಿಗಾಗಿ ಇತರರು ಕದ್ದು ಸೇವಿಸುತ್ತಿದ್ದ ಕಾಲದಲ್ಲಿ, ನಿಜವಾಗಿಯೂ ಅವಶ್ಯವಿದ್ದವರೊಬ್ಬರು ನಿಯಮದ ಗೆರೆಯನ್ನು ದಾಟದೆ ಉಳಿದರೆಂಬುದನ್ನು ಮರೆಯಲಾಗದು.

ಈಗ ಈ ಲೇಖನದ ಶೀರ್ಷಿಕೆಯ ವಿಷಯಕ್ಕೆ ಬರುತ್ತೇನೆ. 56.375 ಕಿಲೋಮೀಟರಿನ ಸಾಹಸವನ್ನು ಬೋರ್ಡ್‌ಮನ್ ಅವರು ಮಾಡಿದ್ದು ಎರಡೂ ತೋಳುಗಳನ್ನು ಮುಂದಕ್ಕೆ ಪೂರ್ತಿ ಚಾಚಿ, ಆಕಾಶದಲ್ಲಿ ಹಾರುವವನಂತೆ ಮಲಗಿದ ಭಂಗಿಯಲ್ಲಿ. ಆ ಭಂಗಿಯ ಶೋಧಕರು ಓಬ್ರೀ ಅವರೇ. ಹೊಸ ಭಂಗಿಗಳೂ ಹೊಸ ಯಂತ್ರಗಳೂ ಸೇರಿ, ಸವಾರರನ್ನು ಹೋಲಿಸುವುದಕ್ಕಿಂತ ವಿನ್ಯಾಸಗಳನ್ನು ಹೋಲಿಸುವ ಸ್ಥಿತಿಯುಂಟಾಯಿತೆಂದು ಭಾವಿಸಿದ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ಮೊದಲು ಆ ಭಂಗಿಗಳನ್ನು ನಿಷೇಧಿಸಿತು. 2000ದಲ್ಲಿ ಇನ್ನೂ ಮುಂದೆ ಹೋಗಿ, ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ಅವರು 1972ರ ಅಕ್ಟೋಬರ್ 25ರಂದು ಮೆಕ್ಸಿಕೊ ನಗರದಲ್ಲಿ ಸಾಧಿಸಿದ 49.431 ಕಿಲೋಮೀಟರೇ ಗಂಟೆಯ ಅಧಿಕೃತ ದಾಖಲೆಯೆಂದೂ, ಅದನ್ನು ಮುರಿಯಬಯಸುವವರು ಮರ್ಕ್ಸ್ ಬಳಸಿದಂಥ ದುಂಡು ಕೊಳವೆಯ, ಕಡ್ಡಿಚಕ್ರಗಳ, ಬಾಗಿದ ಹಿಡಿಕೆಯ ಸಾಮಾನ್ಯ ಸೈಕಲ್ಲನ್ನೇ ಬಳಸಬೇಕೆಂದೂ ಘೋಷಿಸಿತು. ಉಳಿದವೆಲ್ಲ ಬೇರೊಂದು ಪಟ್ಟಿಗೆ ಸರಿದವು.

ತನ್ನ ಜೀವನದ ಅತಿ ದೊಡ್ಡ ಅಂಕಿಯನ್ನು ಹೀಗೆ ಬದಿಗೆ ಸರಿಸಿದಾಗ ಮುನಿದು ಕೂರುವುದು ಮನುಷ್ಯಸಹಜ. ಬೋರ್ಡ್‌ಮನ್ ಅವರು ಹಾಗೆ ಮಾಡದೆ, ನಿವೃತ್ತಿಯ ಅಂಚಿನಲ್ಲಿ, ಸವೆಯುತ್ತಿದ್ದ ಮೂಳೆಗಳ ದೇಹವನ್ನು ಹೊತ್ತು, 2000ದ ಅಕ್ಟೋಬರ್ 27ರಂದು ಮ್ಯಾಂಚೆಸ್ಟರಿನ ಓಟಕಣದಲ್ಲಿ ಆ ಹಳೆಯ ಮಾದರಿಯ ಸೈಕಲ್ಲನ್ನೇರಿದರು. ಗಂಟೆಯ ಕೊನೆಯ ಭಾಗದಲ್ಲಿಯೂ ಅವರು ಮರ್ಕ್ಸ್‌ರ ಗತಿಗಿಂತ ಹಿಂದೆಯೇ ಇದ್ದರು. ಅಂತಿಮ ನಿಮಿಷಗಳಲ್ಲಿ ಉಳಿದ ಶಕ್ತಿಯನ್ನೆಲ್ಲ ಸುರಿದು, ಗಂಟೆ ಮುಗಿದಾಗ 49.441 ಕಿಲೋಮೀಟರನ್ನು ಮುಟ್ಟಿದ್ದರು. ಅಂತರ ಹತ್ತೇ ಮೀಟರು. ಆ ವೇಗದಲ್ಲಿ ಅದು ಒಂದು ಸೆಕೆಂಡಿನ ಮುಕ್ಕಾಲು ಪಾಲಿಗೂ ಕಡಮೆ. ನಾಲ್ಕು ವರ್ಷಗಳ ಹಿಂದಿನ ತಮ್ಮದೇ ಸಾಧನೆಗಿಂತ ಇದು 6.934 ಕಿಲೋಮೀಟರು ಕಡಮೆ. ಆ ಸುಮಾರು 7 ಕಿಲೋಮೀಟರುಗಳಲ್ಲಿ ವಯಸ್ಸಿನ ಪಾಲೂ ಅನಾರೋಗ್ಯದ ಪಾಲೂ ಸ್ವಲ್ಪ ಇದ್ದೀತು. ಮಿಕ್ಕ ಬಹುಪಾಲು ಭಂಗಿಯದು ಮತ್ತು ಯಂತ್ರದ್ದು. ಹೋಲಿಕೆಯು ಸಂಪೂರ್ಣ ಸಮಾನವೆಂದು ಹೇಳಲಾಗದು. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮಿಕ್ಕ ಎತ್ತರದ ಮೆಕ್ಸಿಕೊದಲ್ಲಿ ಗಾಳಿಯು ತೆಳುವಾಗಿ ಮರ್ಕ್ಸ್‌ರಿಗೆ ಅನುಕೂಲವಿತ್ತು. ಬೋರ್ಡ್‌ಮನ್‌ರಿಗೆ ಮೂರು ದಶಕಗಳ ಹೊಸ ವಿಜ್ಞಾನದ ಬೆಂಬಲವಿತ್ತು. ಅದಾಗ್ಯೂ, ಬಡಗಿಯೋ ಉಳಿಯೋ ಎಂಬ ಎಂಟು ವರ್ಷಗಳ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವನ್ನು ಕೊಡುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಆ ಹತ್ತು ಮೀಟರುಗಳನ್ನು ನಾನು 56 ಕಿಲೋಮೀಟರುಗಳಿಗಿಂತ ಮಿಗಿಲೆಂದು ಎಣಿಸುತ್ತೇನೆ. ಯಂತ್ರವನ್ನು ಹೀಗಳೆಯುವುದು ನನ್ನ ಅಭಿಪ್ರಾಯವಲ್ಲ. ಒಕ್ಕೂಟವು ತಾನೇ ವಿಧಿಸಿದ ಹಳೆಯ ಸೈಕಲ್ಲಿನ ನಿಯಮವನ್ನು 2014ರಲ್ಲಿ ಕೈಬಿಟ್ಟು, ಆಧುನಿಕ ಸೈಕಲ್ಲುಗಳಿಗೆ ಮತ್ತೆ ಅವಕಾಶ ಕೊಟ್ಟಿತು. 2022ರ ಅಕ್ಟೋಬರ್ 8ರಂದು ಇಟಲಿಯ ಫಿಲಿಪ್ಪೊ ಗಾನ್ನಾ ಅವರು 56.792 ಕಿಲೋಮೀಟರು ಕ್ರಮಿಸುವವರೆಗೆ, ಎಂದರೆ 26 ವರ್ಷಗಳ ಕಾಲ, 1996ರ ಆ ದೂರವನ್ನು ಮೀರಿದವರಿರಲಿಲ್ಲ. ಉತ್ತಮ ಸಾಧನವು ಉತ್ತಮ ಕೆಲಸಗಾರನ ಕೈಯಲ್ಲಿ ಏನು ಮಾಡಬಲ್ಲದೆಂಬುದಕ್ಕೆ ಅದು ಸಾಕ್ಷಿ. ಆದರೆ ಸಾಧನದಿಂದ ಲಾಭ ಪಡೆದವನು ಒಮ್ಮೆ ಆ ಸಾಧನವನ್ನು ಕೆಳಗಿಟ್ಟು, ತನ್ನಲ್ಲಿ ತನ್ನದೆಂಬುದು ಎಷ್ಟಿದೆ ಎಂದು ಎಲ್ಲರೆದುರು ಅಳೆಯಿಸಿಕೊಳ್ಳಲು ಸಿದ್ಧನಿರಬೇಕು. ಹಾಗೆ ಸಿದ್ಧನಾದವನಿಗೆ ಮಾತ್ರ ಸಾಧನವು ಭೂಷಣ. ಇಲ್ಲದವನಿಗೆ ಅದು ಮರೆ.

ಈ ಮಾತು ವಿದ್ಯಾಸಂಸ್ಥೆಗಳಿಗೂ ಸಲ್ಲುತ್ತದೆಂದು ನನ್ನ ನಮ್ರ ಅಭಿಪ್ರಾಯ. ಉದಾರ ದಾನಿಗಳು ಪ್ರಯೋಗಾಲಯಗಳನ್ನೂ ಗ್ರಂಥಭಂಡಾರಗಳನ್ನೂ ಗಣಕಯಂತ್ರಗಳನ್ನೂ ಕಲ್ಪಿಸಿಕೊಡುತ್ತಾರೆ. ಅದು ಸ್ತುತ್ಯವಾದ ಕಾರ್ಯ. ಬಾರ್ಸಿಲೋನಾದ ಆ ಸೈಕಲ್ಲು ಇಲ್ಲದಿದ್ದರೆ ಬೋರ್ಡ್‌ಮನ್‌ರ ಹೆಸರು ಲೋಕಕ್ಕೆ ಅಷ್ಟು ಬೇಗನೆ ತಿಳಿಯುತ್ತಿರಲಿಲ್ಲ. ಆದರೆ ವರ್ಷದಲ್ಲಿ ಒಂದೆರಡು ಸಲವಾದರೂ ನಮ್ಮ ಮಕ್ಕಳನ್ನು ಮಾರ್ಗದರ್ಶಿ ಪುಸ್ತಕವಿಲ್ಲದೆ, ಯಂತ್ರವಿಲ್ಲದೆ, ಪಕ್ಕದವರ ಆಸರೆಯಿಲ್ಲದೆ, ಒಂದು ಬಿಳಿಯ ಹಾಳೆಯ ಮುಂದೆ ಕೂರಿಸಿ, ನಿನ್ನದೆಂಬುದನ್ನು ಬರೆ ಎಂದು ಹೇಳುವುದು ಶಿಕ್ಷಕರ ಹೊಣೆ. ಅಲ್ಲಿ ದೊರೆಯುವ ಫಲವನ್ನು ಇತರರ ಫಲದೊಡನೆ ಹೋಲಿಸದೆ, ಅದೇ ವಿದ್ಯಾರ್ಥಿಯ ಕಳೆದ ವರ್ಷದ ಹಾಳೆಯೊಡನೆ ಹೋಲಿಸಬೇಕು. ಹತ್ತು ಮೀಟರಿನಷ್ಟು ಮುಂದೆ ಹೋಗಿದ್ದರೂ ಅದು ಕೊಂಡಾಡತಕ್ಕ ಪ್ರಗತಿಯೇ.

ಹಳೆಯ ವಿದ್ಯಾರ್ಥಿಗಳಿಗಾಗಿ ಒಂದು ಮಾತು ಉಳಿದಿದೆ. ಬೋರ್ಡ್‌ಮನ್‌ರ ಬದುಕು 2000ದ ಆ ಸಂಜೆಗೆ ಮುಗಿಯಲಿಲ್ಲ. ಬ್ರಿಟನ್ನಿನ ಸೈಕಲ್ ತಂಡದ ಉಪಕರಣಗಳ ಸಂಶೋಧನೆಯ ನೇತೃತ್ವವನ್ನು ಅವರು ವಹಿಸಿದರು. 2008ರ ಬೀಜಿಂಗ್ ಒಲಿಂಪಿಕ್ಕಿನಲ್ಲಿ ಆ ತಂಡವು 8 ಚಿನ್ನದ ಪದಕಗಳನ್ನು ಗಳಿಸಿತು. 2016ರ ಜುಲೈ ತಿಂಗಳಲ್ಲಿ, ಸ್ವತಃ ಸೈಕಲ್ ಪ್ರೇಮಿಯಾಗಿದ್ದ ಅವರ ತಾಯಿ ವೇಲ್ಸ್‌ನ ರಸ್ತೆಯೊಂದರಲ್ಲಿ ಸೈಕಲ್ಲಿನಿಂದ ಬಿದ್ದಾಗ ವಾಹನವೊಂದಕ್ಕೆ ಸಿಲುಕಿ ಮೃತರಾದರು. ಸಾಮಾನ್ಯ ಜನರು ನಿರ್ಭಯವಾಗಿ ನಡೆಯುವಂಥ, ಸೈಕಲ್ ತುಳಿಯುವಂಥ ರಸ್ತೆಗಳಿಗಾಗಿ ಅದಕ್ಕೆ ಮೊದಲೇ ದನಿಯೆತ್ತಿದ್ದ ಅವರು, ಆ ದುಃಖದಲ್ಲಿಯೂ ಕೆಲಸವನ್ನು ಬಿಡಲಿಲ್ಲ. 2017ರಲ್ಲಿ ಮ್ಯಾಂಚೆಸ್ಟರ್ ಮಹಾನಗರ ಪ್ರದೇಶದ, 2022ರಲ್ಲಿ ಇಡೀ ಇಂಗ್ಲೆಂಡಿನ ಈ ಬಗೆಯ ಸಂಚಾರದ ಹೊಣೆಯನ್ನು ಹೊತ್ತರು. ತಾನೊಬ್ಬನೇ ಅತಿವೇಗದಿಂದ ಸಾಗುವುದು ಹೇಗೆಂಬ ಪ್ರಶ್ನೆಯಿಂದ ಹೊರಟವರು, ಶಾಲೆಗೆ ಹೋಗುವ ಮಗು ನಿಧಾನವಾಗಿ, ಕ್ಷೇಮವಾಗಿ ಸಾಗುವುದು ಹೇಗೆಂಬ ಪ್ರಶ್ನೆಗೆ ಬಂದು ತಲಪಿದರು. ವೇಗವನ್ನು ಅಳೆಯುವುದು ಸುಲಭ. ಕ್ಷೇಮವನ್ನು ಅಳೆಯುವ ಗಡಿಯಾರವನ್ನು ಇನ್ನೂ ಯಾರೂ ಮಾಡಿಲ್ಲ. ಆದರೂ ಆ ಕೆಲಸವೂ ನಡೆಯಬೇಕು.

ಒಂಟಿಯಾಗಿ ಅಳೆಯಿಸಿಕೊಳ್ಳುವ ಧೈರ್ಯವೂ, ಅಳತೆ ಮುಗಿದ ಮೇಲೆ ಕಲಿತದ್ದನ್ನು ಹತ್ತು ಜನರಿಗೆ ಹಂಚುವ ಮನಸ್ಸೂ ಒಬ್ಬರಲ್ಲಿಯೇ ಕೂಡಿದಾಗ ಅದನ್ನು ವಿದ್ಯೆಯ ಫಲವೆಂದು ಕರೆಯಲು ಸಂಕೋಚಪಡಬೇಕಾಗಿಲ್ಲ. ನಮ್ಮ ಶಾಲೆಗಳಿಂದ ಹೊರಡುವವರು ಯಾವ ಕ್ಷೇತ್ರಕ್ಕೆ ಹೋದರೂ ಈ ಎರಡನ್ನೂ ಜೊತೆಗೊಯ್ಯಲೆಂದು ಹಾರೈಸುತ್ತೇನೆ.